ಗಡಿನಾಡಿನ ವೈದ್ಯಮಂತ್ರಿ ಡಾ. ಖಾನ್ ಸಾಹೇಬ್

ಪೀಠಿಕೆ

ಗಡಿನಾಡ ಗಾಂಧಿ ಎಂದು ಪ್ರಖ್ಯಾತರಾದ ಖಾನ್ ಅಬ್ದುಲ್ ಗಫಾರ್ ಖಾನರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಆಯುಧವನ್ನೇ ಆಭರಣವೆಂದು ಧರಿಸುತ್ತಿದ್ದ ಪಠಾಣರ ಕೈಯಿಂದ ಬಂದೂಕನ್ನು ಕೆಳಗಿರಿಸಿ, ಅಹಿಂಸೆಯ ದೀಕ್ಷೆ ಕೊಟ್ಟ ಆ ಮಹಾನುಭಾವರ ಚರಿತ್ರೆ ಅನೇಕರಿಗೆ ಪರಿಚಿತವಾದುದು. ಆದರೆ ಅವರಿಗೊಬ್ಬ ಅಣ್ಣನಿದ್ದರೆಂಬುದು, ಆತ ವೈದ್ಯರಾಗಿದ್ದು ರಾಜಕಾರಣವನ್ನು ಪ್ರವೇಶಿಸಿದರೆಂಬುದು, ಒಂದೇ ಪ್ರಾಂತದ ಸರ್ಕಾರದ ಚುಕ್ಕಾಣಿಯನ್ನು ಎರಡು ಬಾರಿಯೂ, ತರುವಾಯ ಅದಕ್ಕಿಂತ ಬಹು ವಿಸ್ತಾರವಾದ ಪ್ರಾಂತದ ಚುಕ್ಕಾಣಿಯನ್ನು ಒಂದು ಬಾರಿಯೂ ಹಿಡಿದು, ಕೊನೆಗೆ ಹಂತಕನ ಕೈಗೆ ಬಲಿಯಾದರೆಂಬುದು ಅಷ್ಟಾಗಿ ತಿಳಿದಿಲ್ಲ. ತಮ್ಮನ ಕೀರ್ತಿಯ ಬೆಳಕಿನಲ್ಲಿ ಅಣ್ಣನ ಬದುಕು ಮರೆಯಾಗಿದೆ.

ಆ ಅಣ್ಣನೇ ಡಾ. ಖಾನ್ ಸಾಹೇಬ್. ಅವರ ನಿಜನಾಮ ಅಬ್ದುಲ್ ಜಬ್ಬಾರ್ ಖಾನ್. ಬ್ರಿಟಿಷ್ ಸರ್ಕಾರ ತನಗೆ ಬೇಕಾದವರಿಗೆ ‘ಖಾನ್ ಸಾಹೇಬ್’ ಎಂಬ ಬಿರುದನ್ನು ಕೊಡುತ್ತಿದ್ದುದರಿಂದ ಇದನ್ನೂ ಅಂಥದೇ ಒಂದು ಬಿರುದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಜನರು ಅವರನ್ನು ಕರೆಯುತ್ತಿದ್ದ ಹೆಸರೇ ಅದು.

ಅವರ ಜೀವನ ಕೇವಲ ಸ್ತುತಿಗೆ ಒದಗುವಂಥದಲ್ಲ. ಕೇವಲ ನಿಂದೆಗೂ ಒದಗುವಂಥದಲ್ಲ. ವಿದ್ಯೆ ಕಲಿತವನೊಬ್ಬ ತನ್ನ ಜನರ ಸೇವೆಗೆ ನಿಂತಾಗ ಯಾವುದನ್ನು ನಿರಾಕರಿಸಬೇಕು, ಯಾವುದನ್ನು ಅಂಗೀಕರಿಸಬೇಕು ಎಂಬ ಕಠಿಣ ಪ್ರಶ್ನೆ ಆ ಜೀವನದುದ್ದಕ್ಕೂ ಕಾಣಿಸಿಕೊಳ್ಳುತ್ತದೆ. ಈ ಕಾರಣದಿಂದಲೇ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಅದರ ಅಧ್ಯಯನ ಉಚಿತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡಲಾಗಿದೆ.

ನಾಡು ಮತ್ತು ಕಾಲ

ವ್ಯಕ್ತಿಯನ್ನು ಅರಿಯುವ ಮೊದಲು ಆತ ಹುಟ್ಟಿದ ನೆಲವನ್ನು ಅರಿಯಬೇಕಾಗುತ್ತದೆ. ಅವಿಭಕ್ತ ಭಾರತದ ವಾಯವ್ಯ ತುದಿಯಲ್ಲಿ, ಸಿಂಧೂ ನದಿಗೂ ಅಫಘಾನಿಸ್ತಾನಕ್ಕೂ ನಡುವೆ ಇರುವ ಬೆಟ್ಟಗಾಡಿನ ಪ್ರದೇಶವೇ ಗಡಿನಾಡು. 1893ರಲ್ಲಿ ಬ್ರಿಟಿಷರು ಅಫಘಾನಿಸ್ತಾನದ ಅಮೀರನೊಡನೆ ಒಪ್ಪಂದ ಮಾಡಿಕೊಂಡು ಡ್ಯುರಾಂಡ್ ರೇಖೆಯನ್ನು ಎಳೆದರು. ಒಂದೇ ಭಾಷೆಯನ್ನಾಡುವ, ಒಂದೇ ಕುಲಾಚಾರವನ್ನು ಪಾಲಿಸುವ ಪಠಾಣರು ಆ ರೇಖೆಯಿಂದಾಗಿ ಎರಡು ಪಾಲಾದರು. 1901ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಈ ಪ್ರದೇಶವನ್ನು ಪಂಜಾಬಿನಿಂದ ಬೇರ್ಪಡಿಸಿ ವಾಯವ್ಯ ಗಡಿ ಪ್ರಾಂತವೆಂಬ ಪ್ರತ್ಯೇಕ ಪ್ರಾಂತವನ್ನು ರಚಿಸಿದನು. ಹಜಾರಾ, ಪೇಶಾವರ, ಕೋಹಾಟ್, ಬನ್ನು ಮತ್ತು ಡೇರಾ ಇಸ್ಮಾಯಿಲ್ ಖಾನ್ ಎಂಬ ಐದು ಜಿಲ್ಲೆಗಳು ಅದರ ಆಡಳಿತಕ್ಕೆ ಒಳಪಟ್ಟಿದ್ದವು. ಅವುಗಳ ಆಚೆಗೆ, ಡ್ಯುರಾಂಡ್ ರೇಖೆಯವರೆಗೆ, ಬುಡಕಟ್ಟುಗಳ ಸೀಮೆ ಹಬ್ಬಿತ್ತು. ವಜೀರಿಸ್ತಾನವು ಅಂಥ ಸೀಮೆಗಳಲ್ಲೊಂದು.

ಆಳರಸರ ದೃಷ್ಟಿಯಲ್ಲಿ ಈ ನಾಡು ಸಾಮ್ರಾಜ್ಯದ ಬಾಗಿಲು. ಬಾಗಿಲನ್ನು ಕಾಯುವ ಚಿಂತೆ ಅವರಿಗಿತ್ತೇ ಹೊರತು ಬಾಗಿಲಲ್ಲಿ ವಾಸಿಸುವವರ ಚಿಂತೆ ಇರಲಿಲ್ಲ. 1901ರ ಗಡಿ ಅಪರಾಧ ನಿಬಂಧನೆಯ ಮೇರೆಗೆ, ಒಬ್ಬನ ತಪ್ಪಿಗಾಗಿ ಇಡೀ ಕುಲಕ್ಕೆ ಅಥವಾ ಗ್ರಾಮಕ್ಕೆ ದಂಡ ವಿಧಿಸಲು ಅಧಿಕಾರಿಗಳಿಗೆ ಅವಕಾಶವಿತ್ತು. ಈ ನಿಬಂಧನೆ ಬುಡಕಟ್ಟಿನ ಸೀಮೆಗಳಲ್ಲಿ 2018ರವರೆಗೂ ಜಾರಿಯಲ್ಲಿದ್ದಿತೆಂಬುದು ಗಮನಾರ್ಹ. 1919ರ ರಾಜಕೀಯ ಸುಧಾರಣೆಗಳನ್ನು ಇತರ ಪ್ರಾಂತಗಳಿಗೆ ಕೊಟ್ಟಾಗಲೂ ಗಡಿ ಪ್ರಾಂತಕ್ಕೆ ಕೊಡಲಿಲ್ಲ. ಅದು ಗವರ್ನರರ ಪ್ರಾಂತವಾಗಿ ಇತರ ಪ್ರಾಂತಗಳ ಸಾಲಿಗೆ ಬಂದದ್ದು 1932ರಲ್ಲಿ. ಹೀಗೆ ಶಿಕ್ಷಣದಲ್ಲಿಯೂ ಹಕ್ಕುಗಳಲ್ಲಿಯೂ ಹಿಂದುಳಿದಿದ್ದ ನಾಡಿನಲ್ಲಿ ಒಬ್ಬ ವೈದ್ಯ ಎಂಥ ಅಪರೂಪದ ವ್ಯಕ್ತಿಯಾಗಿದ್ದಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಮನೆತನ ಮತ್ತು ವಿದ್ಯಾಭ್ಯಾಸ

ಪೇಶಾವರಕ್ಕೆ ಸಮೀಪದ ಚಾರ್‌ಸದ್ದಾ ಸೀಮೆಯಲ್ಲಿ ಉತ್ಮಾನ್‌ಜೈ ಎಂಬ ಗ್ರಾಮವಿದೆ. ಅಲ್ಲಿನ ಭೂಮಾಲಿಕ ಬೆಹರಾಮ್ ಖಾನರ ಪುತ್ರರಾಗಿ ಖಾನ್ ಸಾಹೇಬರು 1883ರಲ್ಲಿ ಜನಿಸಿದರು. ತಮ್ಮ ಅಬ್ದುಲ್ ಗಫಾರರು ಹುಟ್ಟಿದ್ದು 1890ರಲ್ಲಿ. ಆ ಕಾಲದಲ್ಲಿ ಗಡಿನಾಡಿನ ಮುಲ್ಲಾಗಳು ಆಂಗ್ಲ ಶಾಲೆಗಳನ್ನು ಧರ್ಮವಿರೋಧಿಯೆಂದು ಸಾರುತ್ತಿದ್ದರು. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳನ್ನು ಹೀನಾಯವಾಗಿ ಕಾಣಲಾಗುತ್ತಿತ್ತು. ಬೆಹರಾಮ್ ಖಾನರು ಈ ವಿರೋಧವನ್ನು ಲೆಕ್ಕಿಸಲಿಲ್ಲ. ಇಬ್ಬರು ಮಕ್ಕಳನ್ನೂ ಪೇಶಾವರದ ಎಡ್ವರ್ಡ್ಸ್ ಮಿಶನ್ ಹೈಸ್ಕೂಲಿಗೆ ಸೇರಿಸಿದರು.

ಆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು ರೆವರೆಂಡ್ ವಿಗ್ರಾಮ್. ತಮ್ಮ ಸ್ವಂತ ಹಣದಿಂದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಆ ಗುರುಗಳನ್ನು ಕಂಡು, ದೂರದೇಶದವರೊಬ್ಬರು ನಮ್ಮ ಮಕ್ಕಳಿಗಾಗಿ ಇಷ್ಟು ಮಾಡುವಾಗ ನಾವು ನಮ್ಮವರಿಗಾಗಿ ಏನು ಮಾಡುತ್ತಿದ್ದೇವೆ ಎಂಬ ಆಲೋಚನೆ ತಮ್ಮಲ್ಲಿ ಮೊಳೆಯಿತೆಂದು ಅಬ್ದುಲ್ ಗಫಾರ್ ಖಾನರು ಮುಂದೆ ಸ್ಮರಿಸಿಕೊಂಡಿದ್ದಾರೆ. ಒಬ್ಬ ಉಪಾಧ್ಯಾಯನ ನಡತೆ ಪಾಠಕ್ಕಿಂತ ಹೆಚ್ಚು ಕಲಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮಿಶನ್ ಶಾಲೆಯಿಂದ ಹೊರಬಂದ ಇಬ್ಬರೂ ಬಾಲಕರು ತಮ್ಮ ಧರ್ಮವನ್ನು ಬಿಡಲಿಲ್ಲ. ಪರಕೀಯ ಪ್ರಭುತ್ವದ ದಾಸರೂ ಆಗಲಿಲ್ಲ. ಮುಲ್ಲಾಗಳ ಭಯವೂ ಸುಳ್ಳಾಯಿತು, ಆಳರಸರ ನಿರೀಕ್ಷೆಯೂ ಸುಳ್ಳಾಯಿತು.

ಮೆಟ್ರಿಕ್ಯುಲೇಶನ್ ಮುಗಿಸಿದ ಖಾನ್ ಸಾಹೇಬರು ವೈದ್ಯಕೀಯ ವ್ಯಾಸಂಗಕ್ಕಾಗಿ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜನ್ನು ಸೇರಿದರು. ಧಾರವಾಡ, ಬೆಳಗಾವಿ, ವಿಜಾಪುರ ಮುಂತಾದ ನಮ್ಮ ಉತ್ತರದ ಜಿಲ್ಲೆಗಳೂ ಆಗ ಮುಂಬಯಿ ಇಲಾಖೆಗೇ ಸೇರಿದ್ದವು. ಉನ್ನತ ವಿದ್ಯೆಯನ್ನು ಬಯಸುವ ಈ ಕಡೆಯ ತರುಣರಿಗೂ ಮುಂಬಯಿಯೇ ಗತಿಯಾಗಿದ್ದಿತು. ಗಡಿನಾಡಿನ ಪಠಾಣ ಬಾಲಕನೊಬ್ಬ ಅಷ್ಟು ದೂರದ ಕಡಲತೀರದ ನಗರಿಗೆ ಬಂದು ಕಲಿತದ್ದು ಅಂದಿಗೆ ಸಾಹಸವೇ ಸರಿ. ಅಲ್ಲಿಂದ ಅವರು ಲಂಡನ್ನಿಗೆ ತೆರಳಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತಮ್ಮ ಶಿಕ್ಷಣವನ್ನು ಪೂರ್ಣಗೊಳಿಸಿದರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಜವಾಹರಲಾಲ್ ನೆಹರೂ ಅವರೊಡನೆ ಸ್ನೇಹ ಬೆಳೆದದ್ದೂ ಆ ದಿನಗಳಲ್ಲಿಯೇ.

ತಮ್ಮನಿಗೂ ಇಂಗ್ಲೆಂಡಿಗೆ ಹೋಗುವ ಅವಕಾಶ ಒದಗಿತ್ತು. ಆದರೆ ಒಬ್ಬ ಮಗ ಕಡಲಾಚೆಗೆ ಹೋಗಿರುವಾಗ ಇನ್ನೊಬ್ಬನನ್ನೂ ಕಳುಹಿಸಿ ಕೈ ಬರಿದು ಮಾಡಿಕೊಳ್ಳಲು ತಾಯಿ ಒಪ್ಪಲಿಲ್ಲ. ತಾಯಿಯ ಮನಸ್ಸನ್ನು ನೋಯಿಸಲಾರದೆ ತಮ್ಮ ಊರಲ್ಲಿಯೇ ಉಳಿದು ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯುವ ಕಾರ್ಯಕ್ಕೆ ತೊಡಗಿದರು. ಅಣ್ಣ ಜಗತ್ತನ್ನು ನೋಡಿ ಬಂದವರು, ತಮ್ಮ ಹಳ್ಳಿಯನ್ನು ಬಿಡದವರು. ಇಬ್ಬರ ದಾರಿಗಳು ಕೂಡಿದ್ದಕ್ಕೂ ಮುಂದೊಂದು ದಿನ ಅಗಲಿದ್ದಕ್ಕೂ ಈ ವ್ಯತ್ಯಾಸವೇ ಭಾಗಶಃ ಕಾರಣವೆಂದು ತೋರುತ್ತದೆ.

ಸೈನ್ಯದ ವೈದ್ಯ ಮತ್ತು ಆತನ ರಾಜೀನಾಮೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಖಾನ್ ಸಾಹೇಬರು ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿದರು. ಯುದ್ಧಾನಂತರ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿದ ಅವರನ್ನು ಮರ್ದಾನಿನಲ್ಲಿ ನೆಲೆಗೊಂಡಿದ್ದ ಗೈಡ್ಸ್ ಪಡೆಯ ವೈದ್ಯರನ್ನಾಗಿ ನೇಮಿಸಲಾಯಿತು. 1846ರಲ್ಲಿ ಸ್ಥಾಪಿತವಾದ ಈ ಪಡೆ ಗಡಿನಾಡಿನಲ್ಲಿ ಬಹು ಪ್ರತಿಷ್ಠಿತವಾದುದು. ಇಲ್ಲೊಂದು ಸ್ವಾರಸ್ಯವಿದೆ. ಇದೇ ಪಡೆಯಲ್ಲಿ ಅಧಿಕಾರಿಯಾಗುವ ಅವಕಾಶ ತಮ್ಮ ಗಫಾರರಿಗೆ ತಾರುಣ್ಯದಲ್ಲಿಯೇ ದೊರೆತಿದ್ದು, ಒಬ್ಬ ಭಾರತೀಯ ಅಧಿಕಾರಿಯನ್ನು ಆಂಗ್ಲ ಅಧಿಕಾರಿ ಅವಮಾನಿಸಿದ್ದನ್ನು ಕಣ್ಣಾರೆ ಕಂಡು ಅವರು ಅದನ್ನು ತಿರಸ್ಕರಿಸಿದ್ದರು. ತಮ್ಮ ಬಾಗಿಲಲ್ಲಿಯೇ ನಿಂತು ಬೇಡವೆಂದುದನ್ನು ಅಣ್ಣ ಒಳಹೊಕ್ಕು ನೋಡಿದರು.

ಒಳಹೊಕ್ಕವರಿಗೂ ಪರೀಕ್ಷೆಯ ಗಳಿಗೆ ಬಂದೇ ಬಂದಿತು. 1919ರ ಆಫ್ಘನ್ ಯುದ್ಧದ ತರುವಾಯ ವಜೀರಿಸ್ತಾನದ ಬುಡಕಟ್ಟುಗಳನ್ನು ಅಡಗಿಸಲು ಬ್ರಿಟಿಷರು ಸೈನ್ಯ ಕಾರ್ಯಾಚರಣೆಯನ್ನು ಕೈಗೊಂಡಿದ್ದರು. ಆ ಕ್ಷೇತ್ರಕ್ಕೆ ಹೋಗಬೇಕೆಂದು ಖಾನ್ ಸಾಹೇಬರಿಗೆ ಆಜ್ಞೆಯಾಯಿತು. ಅವರು ಒಪ್ಪಲಿಲ್ಲ, 1921ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟರು.

ಈ ನಿರಾಕರಣೆಯ ಸ್ವರೂಪವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಸೈನ್ಯದ ವೈದ್ಯ ಗುಂಡು ಹಾರಿಸುವವನಲ್ಲ. ಗಾಯಗೊಂಡವರಿಗೆ ಔಷಧೋಪಚಾರ ಮಾಡುವುದೇ ಅವನ ಧರ್ಮ. ಆದ್ದರಿಂದ, ಹೋಗಿ ರೋಗಿಗಳ ಶುಶ್ರೂಷೆ ಮಾಡಿದ್ದರೆ ತಪ್ಪೇನಿತ್ತು ಎಂದು ಕೇಳುವವರು ಕೇಳಬಹುದು. ಆದರೆ ಸೈನಿಕನನ್ನು ಗುಣಪಡಿಸಿ ಮತ್ತೆ ಯುದ್ಧಕ್ಕೆ ಕಳುಹಿಸುವುದೂ ಆ ಕಾರ್ಯಾಚರಣೆಯ ಒಂದು ಅಂಗವೇ. ಯಾರ ಮೇಲೆ ಆ ಯುದ್ಧ ನಡೆಯುತ್ತಿತ್ತೋ ಅವರು ಅವರ ಭಾಷೆಯನ್ನೇ ಆಡುವ ಪಠಾಣರು. ಫ್ರಾನ್ಸಿನಲ್ಲಿ ಯುದ್ಧವನ್ನು ಕಂಡುಬಂದವರಿಗೆ ರಣರಂಗದ ಭೀತಿಯಿಂದ ಹಿಂಜರಿದರೆಂಬ ಆಕ್ಷೇಪ ಹೊಂದುವುದಿಲ್ಲ. ದರ್ಜೆ, ವೇತನ, ನಿವೃತ್ತಿವೇತನದ ಭರವಸೆ ಎಲ್ಲವನ್ನೂ ಬಿಟ್ಟುಬಂದ ಈ ರಾಜೀನಾಮೆಯೇ, ಅವರು ಇನ್ನೂ ಯಾವ ಪಕ್ಷವನ್ನೂ ಸೇರದೆ ಇದ್ದಾಗ ಮಾಡಿದ ಅವರ ಮೊದಲ ರಾಜಕೀಯ ಕಾರ್ಯವೆಂದು ಹೇಳಬಹುದು.

ಚಿಕಿತ್ಸೆಯಿಂದ ಚಳವಳಿಗೆ

ಸೈನ್ಯವನ್ನು ಬಿಟ್ಟ ಖಾನ್ ಸಾಹೇಬರು ಪೇಶಾವರದಲ್ಲಿ ವೈದ್ಯವೃತ್ತಿಯನ್ನು ನಡೆಸತೊಡಗಿದರು. ಅದೇ 1921ರಲ್ಲಿ ತಮ್ಮ ಗಫಾರರು ಉತ್ಮಾನ್‌ಜೈಯಲ್ಲಿ ಆಜಾದ್ ಶಾಲೆಯನ್ನು ಸ್ಥಾಪಿಸಿದರು. ಅಣ್ಣ ದೇಹದ ರೋಗಕ್ಕೂ ತಮ್ಮ ಅಜ್ಞಾನದ ರೋಗಕ್ಕೂ ಮದ್ದು ಹುಡುಕುತ್ತಿದ್ದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. 1929ರಲ್ಲಿ ಗಫಾರ್ ಖಾನರು ಖುದಾಯಿ ಖಿದ್ಮತ್‌ಗಾರ್, ಅಂದರೆ ದೇವರ ಸೇವಕರು, ಎಂಬ ಸಂಘಟನೆಯನ್ನು ಕಟ್ಟಿದರು. ಅಹಿಂಸೆಯ ಪ್ರತಿಜ್ಞೆ ತೊಟ್ಟ ಈ ಸೇವಕರು ಇಟ್ಟಿಗೆಗೆಂಪು ಬಣ್ಣದ ಅಂಗಿಗಳನ್ನು ಧರಿಸುತ್ತಿದ್ದುದರಿಂದ ಕೆಂಪಂಗಿಯವರೆಂದು ಹೆಸರಾದರು.

1930ರ ಏಪ್ರಿಲ್ 23ರಂದು ಗಫಾರ್ ಖಾನರ ಮತ್ತು ಇತರ ನಾಯಕರ ಬಂಧನವನ್ನು ಪ್ರತಿಭಟಿಸಿ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಸೈನ್ಯ ಗುಂಡಿನ ಮಳೆಗರೆಯಿತು. ಗಢವಾಲ್ ರೈಫಲ್ಸ್ ಪಡೆಯ ಹಿಂದೂ ಸೈನಿಕರು ಚಂದ್ರಸಿಂಗ್ ಗಢವಾಲಿಯವರ ಮುಂದಾಳುತನದಲ್ಲಿ ಮುಸಲ್ಮಾನ ಜನಸ್ತೋಮದ ಮೇಲೆ ಗುಂಡು ಹಾರಿಸಲು ನಿರಾಕರಿಸಿ ಘೋರ ಶಿಕ್ಷೆಗೆ ಗುರಿಯಾದ ಪ್ರಸಂಗ ನಮ್ಮ ಸ್ವಾತಂತ್ರ್ಯ ಚರಿತ್ರೆಯಲ್ಲಿ ಚಿರಸ್ಮರಣೀಯ. ಒಂಬತ್ತು ವರ್ಷಗಳ ಹಿಂದೆ ಒಬ್ಬ ಪಠಾಣ ವೈದ್ಯ ಏಕಾಂಗಿಯಾಗಿ ಆಡಿದ ‘ಒಲ್ಲೆ’ ಎಂಬ ಮಾತನ್ನೇ ಈ ಸೈನಿಕರು ಸಾಮೂಹಿಕವಾಗಿ ಆಡಿದರು.

ಇದರ ತರುವಾಯ ಖಾನ್ ಸಾಹೇಬರು ಚಳವಳಿಯ ಮುಂಚೂಣಿಗೆ ಬಂದರು. 1931ರ ಡಿಸೆಂಬರಿನಲ್ಲಿ ಸೋದರರಿಬ್ಬರನ್ನೂ ಬಂಧಿಸಿ ಪ್ರಾಂತದ ಹೊರಗಿನ ಸೆರೆಮನೆಗಳಲ್ಲಿ ಇರಿಸಲಾಯಿತು. 1934ರ ಆಗಸ್ಟಿನಲ್ಲಿ ಹಜಾರಿಬಾಗ್ ಸೆರೆಮನೆಯಿಂದ ಬಿಡುಗಡೆಯಾದರೂ ಗಡಿ ಪ್ರಾಂತವನ್ನು ಪ್ರವೇಶಿಸಕೂಡದೆಂದು ಸರ್ಕಾರ ಆಜ್ಞೆ ಮಾಡಿತು. ಸ್ವಂತ ಮನೆಗೆ ಹೋಗಲಾರದ ಸೋದರರು ವಾರ್ಧಾದಲ್ಲಿ ಗಾಂಧೀಜಿಯವರ ಸಾನ್ನಿಧ್ಯವನ್ನು ಅರಸಿ ಹೋದರು. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರು ಇವರಿಬ್ಬರ ಜೀವನವನ್ನು ಕುರಿತು ಬರೆದ ಗ್ರಂಥ 1935ರಲ್ಲಿ ಪ್ರಕಟವಾಯಿತು. ಸ್ವಂತ ಪ್ರಾಂತದ ಗಡಿಯೊಳಗೆ ಕಾಲಿಡಲು ಅನುಮತಿಯಿಲ್ಲದ ಖಾನ್ ಸಾಹೇಬರನ್ನು ಆ ಪ್ರಾಂತದ ಜನರು ಕೇಂದ್ರ ಶಾಸನಸಭೆಗೆ ತಮ್ಮ ಪ್ರತಿನಿಧಿಯಾಗಿ ಆರಿಸಿ ಕಳುಹಿಸಿದರು.

ಅಧಿಕಾರದ ಮೊದಲ ಪರ್ವ

1935ರ ಭಾರತ ಸರ್ಕಾರದ ಶಾಸನದಂತೆ 1937ರಲ್ಲಿ ಪ್ರಾಂತಗಳಲ್ಲಿ ಚುನಾವಣೆಗಳು ನಡೆದವು. ಗಡಿ ಪ್ರಾಂತದ 50 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 19 ದೊರೆತು ಅದು ಅತಿ ದೊಡ್ಡ ಪಕ್ಷವಾಯಿತಾದರೂ ಮೊದಲು ಮಂತ್ರಿಮಂಡಲ ರಚಿಸಿದವರು ಸಾಹಿಬ್‌ಜಾದಾ ಅಬ್ದುಲ್ ಕಯ್ಯೂಮರು. ಪೇಶಾವರದ ಇಸ್ಲಾಮಿಯಾ ಕಾಲೇಜಿನ ಸ್ಥಾಪಕರಲ್ಲೊಬ್ಬರಾದ ಅವರೂ ಗಣ್ಯರೇ. ಕೆಲವು ತಿಂಗಳುಗಳಲ್ಲಿಯೇ ಅವರ ಮಂತ್ರಿಮಂಡಲ ಅವಿಶ್ವಾಸ ನಿರ್ಣಯದಿಂದ ಉರುಳಿತು. 1937ರ ಸೆಪ್ಟೆಂಬರಿನಲ್ಲಿ ಡಾ. ಖಾನ್ ಸಾಹೇಬರು ಪ್ರಾಂತದ ಪ್ರಧಾನಮಂತ್ರಿಯಾದರು. ಪ್ರಾಂತದ ಮುಖ್ಯಮಂತ್ರಿಯನ್ನು ಆ ಕಾಲದಲ್ಲಿ ಹಾಗೆಯೇ ಕರೆಯುತ್ತಿದ್ದರು.

ಶೇಕಡಾ 90ಕ್ಕೂ ಹೆಚ್ಚು ಮಂದಿ ಮುಸಲ್ಮಾನರಿದ್ದ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾದುದು ದೇಶದ ರಾಜಕೀಯದಲ್ಲಿ ಮಹತ್ತ್ವದ ಸಂಗತಿ. ಆ ಮಂತ್ರಿಮಂಡಲದಲ್ಲಿ ಕಾಜಿ ಅತಾವುಲ್ಲಾ ಅವರೊಡನೆ ಭಂಜುರಾಮ್ ಗಾಂಧಿ ಎಂಬ ಹಿಂದೂ ಸಚಿವರೂ ಇದ್ದರು. ರಾಜಕೀಯ ಕೈದಿಗಳ ಬಿಡುಗಡೆ, ಭೂಸುಧಾರಣೆ, ಶಾಲೆಗಳಲ್ಲಿ ಪಶ್ತೋ ಭಾಷೆಯ ಬೋಧನೆ ಇವು ಈ ಸರ್ಕಾರ ಕೈಗೊಂಡ ಮುಖ್ಯ ಕಾರ್ಯಗಳು. ಮಗುವಿಗೆ ಮಾತೃಭಾಷೆಯಲ್ಲಿ ವಿದ್ಯೆ ಸಿಗಬೇಕೆಂಬ ವಿಚಾರವನ್ನು ಕನ್ನಡಿಗರಿಗೆ ವಿವರಿಸಿ ಹೇಳುವ ಅಗತ್ಯವಿಲ್ಲ. 1938ರಲ್ಲಿ ಗಾಂಧೀಜಿಯವರು ಎರಡು ಬಾರಿ ಗಡಿ ಪ್ರಾಂತಕ್ಕೆ ಆಗಮಿಸಿದಾಗ ಅಧಿಕಾರದಲ್ಲಿದ್ದುದು ಇದೇ ಸರ್ಕಾರ.

ಈ ವರ್ಷಗಳಲ್ಲಿ ಸೋದರರಿಬ್ಬರ ನಡುವೆ ಒಂದು ಸಹಜ ಶ್ರಮವಿಭಾಗ ಏರ್ಪಟ್ಟಿತ್ತು. ತಮ್ಮ ಯಾವ ಅಧಿಕಾರಸ್ಥಾನವನ್ನೂ ಸ್ವೀಕರಿಸದೆ ಜನರ ನಡುವೆ ಇದ್ದರು. ಅಣ್ಣ ಕಚೇರಿಯಲ್ಲಿ ಕುಳಿತು, ಬ್ರಿಟಿಷ್ ಗವರ್ನರರೊಡನೆ ವ್ಯವಹರಿಸಿ, ಕಡತಗಳ ನಡುವೆ ಸಾಧ್ಯವಾದಷ್ಟು ಹಿತವನ್ನು ಸಾಧಿಸುತ್ತಿದ್ದರು. ಒಬ್ಬರ ನೈತಿಕ ಬಲ ಇನ್ನೊಬ್ಬರ ಆಡಳಿತಕ್ಕೆ ಆಧಾರವಾಗಿದ್ದಿತು. ಭಾರತೀಯರನ್ನು ಕೇಳದೆಯೇ ದೇಶವನ್ನು ಎರಡನೆಯ ಮಹಾಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ 1939ರ ನವೆಂಬರಿನಲ್ಲಿ, ಇತರ ಕಾಂಗ್ರೆಸ್ ಮಂತ್ರಿಮಂಡಲಗಳಂತೆ, ಖಾನ್ ಸಾಹೇಬರ ಮಂತ್ರಿಮಂಡಲವೂ ರಾಜೀನಾಮೆ ಕೊಟ್ಟಿತು. ಇದು ಅವರ ಜೀವನದ ಎರಡನೆಯ ರಾಜೀನಾಮೆ.

ದೇಶವಿಭಜನೆ ಮತ್ತು ಪದಚ್ಯುತಿ

1945ರ ಮಾರ್ಚಿನಲ್ಲಿ ಮುಸ್ಲಿಮ್ ಲೀಗಿನ ಮಂತ್ರಿಮಂಡಲ ಬಿದ್ದುದರಿಂದ ಖಾನ್ ಸಾಹೇಬರು ಪುನಃ ಪ್ರಧಾನಮಂತ್ರಿಯಾದರು. 1946ರ ಚುನಾವಣೆಯಲ್ಲಿ ಕಾಂಗ್ರೆಸ್ಸು 50ರಲ್ಲಿ 30 ಸ್ಥಾನಗಳನ್ನು ಗೆದ್ದಿತು; ಲೀಗಿಗೆ 17 ಸ್ಥಾನಗಳು ದೊರೆತವು. ಪಾಕಿಸ್ತಾನದ ಬೇಡಿಕೆ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ಇದೊಂದು ಅಸಾಧಾರಣ ವಿಜಯವೇ ಸರಿ.

ಆದರೆ ಜನಮನಸ್ಸು ಶೀಘ್ರವಾಗಿ ಬದಲಾಗತೊಡಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ನೆಹರೂ ಅವರು ಗಡಿನಾಡಿನ ಪ್ರವಾಸ ಕೈಗೊಂಡಾಗ ಪ್ರತಿಕೂಲ ಪ್ರದರ್ಶನಗಳು ನಡೆದವು. ಮಲಾಕಂಡಿನಲ್ಲಿ ಅವರ ಮೋಟಾರುಗಳ ಮೇಲೆ ಕಲ್ಲುಗಳು ಬಿದ್ದವು. ನೆಹರೂ ಅವರೊಡನೆ ಖಾನ್ ಸೋದರರೂ ಆ ವಾಹನಗಳಲ್ಲಿದ್ದರು. 1947ರ ಆದಿಯಿಂದ ಲೀಗು ಮಂತ್ರಿಮಂಡಲದ ವಿರುದ್ಧ ಕಾನೂನುಭಂಗ ಚಳವಳಿಯನ್ನು ಹೂಡಿತು. ಜೂನ್ 3ರ ಯೋಜನೆಯಂತೆ ಗಡಿ ಪ್ರಾಂತದಲ್ಲಿ ಜನಮತಗಣನೆಯಾಗಬೇಕೆಂದು ಗೊತ್ತಾಯಿತು. ಮತದಾರರ ಮುಂದಿದ್ದ ಆಯ್ಕೆಗಳು ಎರಡೇ: ಭಾರತ ಅಥವಾ ಪಾಕಿಸ್ತಾನ. ಪಠಾಣರಿಗೆ ಸ್ವತಂತ್ರ ರಾಜ್ಯವೆಂಬ ಮೂರನೆಯ ಆಯ್ಕೆಯೂ ಇರಬೇಕೆಂದು ಗಫಾರ್ ಖಾನರೂ ಅವರ ಸಂಗಡಿಗರೂ ಕೇಳಿದರು. ಅದು ದೊರೆಯದೆ ಹೋದುದರಿಂದ ಮತದಾನವನ್ನು ಬಹಿಷ್ಕರಿಸಿದರು. ಜುಲೈ ತಿಂಗಳಲ್ಲಿ ನಡೆದ ಈ ಮತಗಣನೆಯಲ್ಲಿ ಪಾಕಿಸ್ತಾನದ ಪರವಾಗಿ 2,89,244 ಮತಗಳೂ ಭಾರತದ ಪರವಾಗಿ 2,874 ಮತಗಳೂ ಬಿದ್ದವು. ಮತದಾನದ ಹಕ್ಕಿದ್ದವರಲ್ಲಿ ಮತ ನೀಡಿದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ.

ಹೀಗೆ ಒಂದು ವಿಚಿತ್ರ ಸನ್ನಿವೇಶ ನಿರ್ಮಾಣವಾಯಿತು. ಪ್ರಾಂತ ಪಾಕಿಸ್ತಾನಕ್ಕೆ ಸೇರಿತು. ಶಾಸನಸಭೆಯಲ್ಲಿಯಾದರೋ ಖಾನ್ ಸಾಹೇಬರ ಬಹುಮತ ಹಾಗೆಯೇ ಉಳಿದಿತ್ತು. ಅವರು ರಾಜೀನಾಮೆ ಕೊಡಲಿಲ್ಲ. 1947ರ ಆಗಸ್ಟ್ 22ರಂದು, ಹೊಸ ರಾಷ್ಟ್ರ ಹುಟ್ಟಿ ಎಂಟು ದಿನಗಳಾಗುವಷ್ಟರಲ್ಲಿ, ಗವರ್ನರ್ ಜನರಲ್ ಜಿನ್ನಾ ಅವರ ಆದೇಶದಂತೆ ಗವರ್ನರರು ಅವರ ಮಂತ್ರಿಮಂಡಲವನ್ನು ವಜಾ ಮಾಡಿದರು. ಲೀಗಿನ ಅಬ್ದುಲ್ ಕಯ್ಯೂಮ್ ಖಾನರು ಆ ಸ್ಥಾನಕ್ಕೆ ಬಂದರು.

ಮುಂದಿನ ದಿನಗಳು ಕಷ್ಟದವು. 1948ರಲ್ಲಿ ಗಫಾರ್ ಖಾನರು ಬಂಧಿತರಾದರು. ಖಾನ್ ಸಾಹೇಬರೂ ಬಂಧನಕ್ಕೆ ಒಳಗಾದರು. ಅದೇ ವರ್ಷದ ಆಗಸ್ಟ್ 12ರಂದು ಚಾರ್‌ಸದ್ದಾ ಸೀಮೆಯ ಬಾಬ್ಡಾದಲ್ಲಿ ಖುದಾಯಿ ಖಿದ್ಮತ್‌ಗಾರರ ಮೇಲೆ ಗೋಲೀಬಾರು ನಡೆಯಿತು. ಪರಕೀಯರ ಆಳ್ವಿಕೆಯಲ್ಲಿ ಸೆರೆಮನೆ ಕಂಡವರು ಸ್ವಕೀಯರ ಆಳ್ವಿಕೆಯಲ್ಲಿಯೂ ಸೆರೆಮನೆಯನ್ನೇ ಕಂಡರು.

ಅಧಿಕಾರದ ಎರಡನೆಯ ಪರ್ವ

ಇಲ್ಲಿಗೆ ಈ ಜೀವನ ಮುಗಿದಿದ್ದರೆ ಅದನ್ನು ತ್ಯಾಗಮಯ ಜೀವನವೆಂದು ಕೊಂಡಾಡಿ ಸುಮ್ಮನಾಗಬಹುದಿತ್ತು. ಆದರೆ 1954ರಲ್ಲಿ, ತಮ್ಮ 71ನೆಯ ವಯಸ್ಸಿನ ಸುಮಾರಿಗೆ, ಬಂಧನದಿಂದ ಮುಕ್ತರಾಗಿದ್ದ ಖಾನ್ ಸಾಹೇಬರು ಪಾಕಿಸ್ತಾನದ ಕೇಂದ್ರ ಸಚಿವ ಸಂಪುಟವನ್ನು ಸೇರಿ ಸಂಪರ್ಕ ಖಾತೆಯ ಮಂತ್ರಿಯಾದರು. ಮಹಮ್ಮದಾಲಿ ಬೋಗ್ರಾ ಅವರು ಆಗ ಪ್ರಧಾನಮಂತ್ರಿ.

ಅನಂತರ ಬಂದುದು ‘ಏಕಘಟಕ’ ಯೋಜನೆ. ಪಂಜಾಬು, ಸಿಂಧ್, ಗಡಿ ಪ್ರಾಂತ, ಬಲೂಚಿಸ್ತಾನ ಮುಂತಾದುವನ್ನೆಲ್ಲ ಕೂಡಿಸಿ ಪಶ್ಚಿಮ ಪಾಕಿಸ್ತಾನವೆಂಬ ಒಂದೇ ಪ್ರಾಂತವನ್ನು ಮಾಡುವುದು ಇದರ ತಿರುಳು. ಜನಸಂಖ್ಯೆಯಲ್ಲಿ ಹೆಚ್ಚಾಗಿದ್ದ ಪೂರ್ವ ಪಾಕಿಸ್ತಾನಕ್ಕೆ ಪಶ್ಚಿಮವನ್ನು ಸರಿಸಮವಾಗಿ ನಿಲ್ಲಿಸುವ ಉದ್ದೇಶ ಅದರ ಹಿಂದಿತ್ತು. 1955ರ ಅಕ್ಟೋಬರ್ 14ರಂದು ಈ ಹೊಸ ಪ್ರಾಂತ ಅಸ್ತಿತ್ವಕ್ಕೆ ಬಂದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ಡಾ. ಖಾನ್ ಸಾಹೇಬರು. ಯಾವ ಗಡಿ ಪ್ರಾಂತಕ್ಕೆ ಅವರು ಎರಡು ಬಾರಿ ಪ್ರಧಾನರಾಗಿದ್ದರೋ ಆ ಪ್ರಾಂತವೇ ಅಳಿಸಿಹೋಗಿ ಈ ಪದವಿ ಹುಟ್ಟಿತ್ತು. 1956ರಲ್ಲಿ ಅವರ ನಾಯಕತ್ವದಲ್ಲಿ ರಿಪಬ್ಲಿಕನ್ ಪಕ್ಷ ಸ್ಥಾಪನೆಯಾಯಿತು. ಇದಕ್ಕೆ ಅವರ ಹಳೆಯ ಮಿತ್ರರೂ, ಒಂದು ಕಾಲದಲ್ಲಿ ಪೇಶಾವರದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದವರೂ ಆದ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅವರ ಬೆಂಬಲವಿದ್ದಿತು.

ತಮ್ಮ ಗಫಾರರು ಏಕಘಟಕವನ್ನು ಉಗ್ರವಾಗಿ ವಿರೋಧಿಸಿದರು. ಪಠಾಣರ ಭಾಷೆ, ಹೆಸರು, ಸ್ವಂತಿಕೆ ಎಲ್ಲವೂ ಆ ವಿಲೀನದಲ್ಲಿ ಮರೆಯಾಗುವುದೆಂಬುದು ಅವರ ನಿಲುವು. 1956ರಲ್ಲಿ ಈ ವಿರೋಧಕ್ಕಾಗಿ ಅವರನ್ನು ಬಂಧಿಸಲಾಯಿತು. ಆಗ ಪಶ್ಚಿಮ ಪಾಕಿಸ್ತಾನದ ಮುಖ್ಯಮಂತ್ರಿಯಾಗಿದ್ದವರು ಅವರ ಸ್ವಂತ ಅಣ್ಣ. 1931ರಲ್ಲಿ ಒಟ್ಟಿಗೆ ಸೆರೆಮನೆಗೆ ಹೋದ ಸೋದರರಲ್ಲಿ ಈಗ ಒಬ್ಬರು ಸೆರೆಮನೆಯ ಒಳಗೆ, ಇನ್ನೊಬ್ಬರು ಅಧಿಕಾರಪೀಠದ ಮೇಲೆ. ಇದಕ್ಕಿಂತ ಹೃದಯವಿದ್ರಾವಕವಾದ ಚಿತ್ರ ಆ ಮನೆತನದ ಚರಿತ್ರೆಯಲ್ಲಿ ಬೇರೊಂದಿಲ್ಲ.

ಖಾನ್ ಸಾಹೇಬರ ಈ ನಡೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಹೊಸ ರಾಷ್ಟ್ರ ವಾಸ್ತವವಾಗಿ ನಿಂತ ಮೇಲೆ ಅದರ ಹೊರಗೆ ನಿಂತು ದೂರುವುದಕ್ಕಿಂತ ಒಳಗಿದ್ದು ದುಡಿಯುವುದೇ ಲೇಸೆಂದು ವಾದಿಸಬಹುದು. ವೈದ್ಯನಾದವನು ತನಗೆ ಬೇಕಾದ ರೋಗಿಯನ್ನು ಆರಿಸಿಕೊಳ್ಳಲಾರ; ಮುಂದೆ ಬಂದ ರೋಗಿಯನ್ನೇ ಉಪಚರಿಸಬೇಕಾಗುತ್ತದೆ. ಈ ವಾದದಲ್ಲಿ ತಿರುಳಿಲ್ಲದಿಲ್ಲ. ಆದರೆ ವೈದ್ಯಶಾಸ್ತ್ರದಲ್ಲಿ ಇನ್ನೊಂದು ಸೂತ್ರವೂ ಉಂಟು: ರೋಗಿಯ ಸಮ್ಮತಿಯಿಲ್ಲದೆ ಶಸ್ತ್ರವನ್ನೆತ್ತಬಾರದು. ಏಕಘಟಕವನ್ನು ಜಾರಿಗೆ ತರುವ ಮುನ್ನ ಗಡಿನಾಡಿನ ಜನರ ಮತವನ್ನು ಕೇಳಲಿಲ್ಲ. 1947ರಲ್ಲಿ ತಮ್ಮ ಬಹುಮತವನ್ನು ಮೇಲಿನ ಆದೇಶವೊಂದು ಅಳಿಸಿಹಾಕಿದ್ದನ್ನು ಅನುಭವಿಸಿದ್ದ ಖಾನ್ ಸಾಹೇಬರೇ, ಮೇಲಿನಿಂದ ಹೇರಲಾದ ವ್ಯವಸ್ಥೆಯೊಂದರ ಮುಖ್ಯಸ್ಥರಾದುದು ಅವರ ಜೀವನದ ದೊಡ್ಡ ವಿರೋಧಾಭಾಸ. ಆ ಏಕಘಟಕವೂ ಬಹುಕಾಲ ಬಾಳಲಿಲ್ಲ. 1970ರ ಜುಲೈ 1ರಂದು ಅದು ವಿಸರ್ಜಿತವಾಗಿ ಹಳೆಯ ಪ್ರಾಂತಗಳು ಮರಳಿ ಬಂದವು. ಗಡಿ ಪ್ರಾಂತಕ್ಕೆ 2010ರಲ್ಲಿ ಖೈಬರ್ ಪಖ್ತೂನ್‌ಖ್ವಾ ಎಂದು, ಅಲ್ಲಿನ ಜನರ ಹೆಸರನ್ನೊಳಗೊಂಡ ನಾಮಕರಣವಾಯಿತು.

ಅಂತ್ಯ

1957ರಲ್ಲಿ ಖಾನ್ ಸಾಹೇಬರು ಮುಖ್ಯಮಂತ್ರಿ ಪದವಿಯಿಂದ ನಿರ್ಗಮಿಸಿದರು. 1958ರ ಮೇ 9ರ ಬೆಳಿಗ್ಗೆ ಲಾಹೋರಿನಲ್ಲಿ ತಮ್ಮ ಮಗನ ಮನೆಯ ತೋಟದಲ್ಲಿ ಕುಳಿತಿದ್ದಾಗ, ನೌಕರಿಯಿಂದ ವಜಾಗೊಂಡಿದ್ದ ಪಟ್ವಾರಿಯೊಬ್ಬ ಬಂದು ಅವರನ್ನು ಚೂರಿಯಿಂದ ಇರಿದು ಕೊಂದನು. ಪಟ್ವಾರಿಯೆಂದರೆ ನಮ್ಮ ಕಡೆಯ ತಲಾಠಿಗೆ ಸಮಾನವಾದ ಗ್ರಾಮಲೆಕ್ಕಿಗ. ಮುಂದಿನ ವರ್ಷ ನಡೆಯಬೇಕಾಗಿದ್ದ ಸಾರ್ವತ್ರಿಕ ಚುನಾವಣೆಗೆ ಸಂಬಂಧಿಸಿದ ಸಭೆಯೊಂದಕ್ಕೆ ಹೊರಡಲು ಅವರು ಸಂಗಡಿಗರೊಬ್ಬರಿಗಾಗಿ ಕಾಯುತ್ತಿದ್ದರು. ಆ ಚುನಾವಣೆ ನಡೆಯಲೇ ಇಲ್ಲ. ಐದು ತಿಂಗಳೊಳಗಾಗಿ, 1958ರ ಅಕ್ಟೋಬರ್ 7ರಂದು, ಪಾಕಿಸ್ತಾನದಲ್ಲಿ ಸೈನಿಕ ಶಾಸನ ಘೋಷಣೆಯಾಗಿ ಪಕ್ಷಗಳೂ ಶಾಸನಸಭೆಗಳೂ ರದ್ದಾದವು. ಖಾನ್ ಸಾಹೇಬರ ದೇಹವನ್ನು ಉತ್ಮಾನ್‌ಜೈಯ ಮಣ್ಣಿಗೆ ಒಪ್ಪಿಸಲಾಯಿತು. ತಮ್ಮ ಗಫಾರರು ಇನ್ನೂ ಮೂವತ್ತು ವರ್ಷ ಬದುಕಿ, 1987ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, 1988ರ ಜನವರಿ 20ರಂದು ಪೇಶಾವರದಲ್ಲಿ ಕಾಲವಾದರು.

ಅಧ್ಯಯನದಿಂದ ಗ್ರಹಿಸಬೇಕಾದುದು

ಈ ಜೀವನವನ್ನು ವಿದ್ಯಾರ್ಥಿಗಳಿಗೆ ಬೋಧಿಸುವ ಉಪಾಧ್ಯಾಯರು ಮೂರು ಸಂಗತಿಗಳ ಕಡೆಗೆ ಅವರ ಲಕ್ಷ್ಯವನ್ನು ಸೆಳೆಯಬಹುದೆಂದು ತೋರುತ್ತದೆ.

ಮೊದಲನೆಯದು, ಮನುಷ್ಯನ ಮೌಲ್ಯ ಅವನು ಏರಿದ ಪದವಿಗಳಿಂದ ಮಾತ್ರವೇ ತಿಳಿಯುವುದಿಲ್ಲ. ಅವನು ಬಿಟ್ಟುಬಂದ ಪದವಿಗಳಿಂದಲೂ ತಿಳಿಯುತ್ತದೆ. ಖಾನ್ ಸಾಹೇಬರು ಮೂರು ಬಾರಿ ಸರ್ಕಾರದ ಮುಖ್ಯಸ್ಥರಾದರೂ ಅವರ ಜೀವನದಲ್ಲಿ ಅತ್ಯಂತ ಉಜ್ಜ್ವಲವಾದ ಗಳಿಗೆ 1921ರ ರಾಜೀನಾಮೆಯದೇ. ಆ ದಿನ ಅವರಿಗೆ ಹಿಂಬಾಲಕರಿರಲಿಲ್ಲ, ಪಕ್ಷವಿರಲಿಲ್ಲ, ಜಯಘೋಷವಿರಲಿಲ್ಲ.

ಎರಡನೆಯದು, ಸೇವೆಗೂ ಅಧಿಕಾರಕ್ಕೂ ಇರುವ ಸಂಬಂಧ. 1937ರಲ್ಲಿ ಜನರ ನಡುವೆ ನಿಂತ ತಮ್ಮನ ಆಸರೆಯಿದ್ದಾಗ ಅಣ್ಣನ ಅಧಿಕಾರ ಸಾರ್ಥಕವಾಯಿತು. 1955ರಲ್ಲಿ ಆ ಆಸರೆ ಕಳಚಿದಾಗ ಪದವಿ ಹಿಂದಿಗಿಂತ ಎತ್ತರದ್ದಾಗಿದ್ದರೂ ಅದರ ಬುನಾದಿ ದುರ್ಬಲವಾಗಿದ್ದಿತು. ಅಧಿಕಾರದಲ್ಲಿರುವವನಿಗೆ, ಅಧಿಕಾರವಿಲ್ಲದ ನಿರ್ಭೀತ ಸ್ನೇಹಿತನೊಬ್ಬ ಬೇಕು. ಅವನ ಮಾತು ಕೇಳಿಸದಷ್ಟು ದೂರಕ್ಕೆ ಹೋಗಬಾರದು.

ಮೂರನೆಯದು, ತೀರ್ಪು ಕೊಡುವಾಗ ಇರಬೇಕಾದ ಸಂಯಮ. ಕೊನೆಯ ನಾಲ್ಕು ವರ್ಷಗಳನ್ನು ಮುಂದೆ ಮಾಡಿ ಹಿಂದಿನ ನಾಲ್ಕು ದಶಕಗಳ ಸೇವೆಯನ್ನು ತೊಡೆದುಹಾಕುವುದು ನ್ಯಾಯವಲ್ಲ. ಹಿಂದಿನ ಸೇವೆಯನ್ನು ಮುಂದೆ ಮಾಡಿ ಕೊನೆಯ ವರ್ಷಗಳ ಪ್ರಶ್ನೆಗಳನ್ನು ಮುಚ್ಚಿಡುವುದೂ ನ್ಯಾಯವಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ದೃಷ್ಟಿಯನ್ನು ಬೆಳೆಸುವುದೇ ಚರಿತ್ರೆಯ ಪಾಠದ ಪ್ರಯೋಜನ.

ಶಾಲೆಗಳಿಂದ ಪ್ರತಿವರ್ಷವೂ ನೂರಾರು ವಿದ್ಯಾರ್ಥಿಗಳು ಹೊರಹೋಗುತ್ತಾರೆ. ಅವರಲ್ಲಿ ಕೆಲವರು ವೈದ್ಯರಾಗುತ್ತಾರೆ, ಕೆಲವರು ಅಧಿಕಾರಿಗಳಾಗುತ್ತಾರೆ, ಕೆಲವರು ಸಾರ್ವಜನಿಕ ಜೀವನವನ್ನು ಪ್ರವೇಶಿಸುತ್ತಾರೆ. ಯಾವುದೋ ಒಂದು ದಿನ ಅವರ ಮೇಜಿನ ಮೇಲೂ ಒಂದು ಆಜ್ಞಾಪತ್ರ ಬಂದು ಬೀಳುತ್ತದೆ. ಅದನ್ನು ಪಾಲಿಸಿದರೆ ಬಡ್ತಿ, ಪಾಲಿಸದಿದ್ದರೆ ನಷ್ಟ. ಆ ಗಳಿಗೆಯಲ್ಲಿ, ಇದರಿಂದ ನನಗೇನು ದೊರೆಯುವುದು ಎಂದು ಕೇಳಿಕೊಳ್ಳುವ ಬದಲು ಇದರಿಂದ ಯಾರಿಗೆ ಗಾಯವಾಗುವುದು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಮಕ್ಕಳಲ್ಲಿ ಮೂಡಿಸಿದ ಶಾಲೆಯೇ ನಿಜವಾದ ಶಾಲೆ. ಮರ್ದಾನಿನ ದಂಡಿನಲ್ಲಿ ಕುಳಿತು ರಾಜೀನಾಮೆಯ ಪತ್ರ ಬರೆದ ವೈದ್ಯನಿಗೆ ಆ ಪ್ರಶ್ನೆ ತಿಳಿದಿತ್ತು. ಆ ಪ್ರಶ್ನೆಯನ್ನು ಜೀವನದ ಕೊನೆಯವರೆಗೂ, ಪದವಿಯ ಶಿಖರದ ಮೇಲೆಯೂ, ಮರೆಯದೆ ಕೇಳಿಕೊಳ್ಳುವುದು ಎಷ್ಟು ದುಸ್ತರವೆಂಬುದನ್ನೂ ಅವರ ಜೀವನವೇ ತಿಳಿಸುತ್ತದೆ.